ಕೇಳಿಸುತ್ತದೆ, ಆದರೆ ಗೊತ್ತಾಗುವುದಿಲ್ಲ

ಎಪ್ಪತ್ತು ದಾಟಿದ ಮೇಲೆ ಅಪ್ಪ ಒಂದು ಮಾತನ್ನು ಪದೇ ಪದೇ ಹೇಳತೊಡಗಿದರು. “ನೀನು ಮಾತಾಡೋದು ಕೇಳಿಸ್ತಿದೆ. ಏನು ಹೇಳ್ತಿದ್ದೀಯ ಅಂತ ಗೊತ್ತಾಗ್ತಿಲ್ಲ.” ನಾನು ದನಿ ಏರಿಸುತ್ತಿದ್ದೆ. ಆಗ ಅವರು ಮುಖ ಕಿವುಚಿ, “ಕೂಗಬೇಡ, ಕಿವಿ ನೋಯುತ್ತೆ” ಅನ್ನುತ್ತಿದ್ದರು. ಮೆಲ್ಲಗೆ ಹೇಳಿದರೆ ಗೊತ್ತಾಗದು, ಜೋರಾಗಿ ಹೇಳಿದರೆ ನೋವು. ಇದು ಹೇಗೆ ಸಾಧ್ಯ ಅಂತ ನನಗೆ ಬೇಸರವೂ ಗೊಂದಲವೂ ಆಗುತ್ತಿತ್ತು.

ಆಮೇಲೆ ಕಿವಿಯ ಬಗ್ಗೆ ಓದುತ್ತಾ ಹೋದೆ. ಅಪ್ಪ ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸದ್ದು ಕೇಳಿಸುವುದು ಒಂದು ಕೆಲಸ, ಮಾತು ಗೊತ್ತಾಗುವುದು ಇನ್ನೊಂದು ಕೆಲಸ. ಇವೆರಡರ ನಡುವೆ ದೊಡ್ಡ ದಾರಿಯೇ ಇದೆ. ಒಬ್ಬರ ಬಾಯಿಂದ ಹೊರಟ ಮಾತು ಇನ್ನೊಬ್ಬರ ತಲೆಯಲ್ಲಿ ಅರ್ಥವಾಗುವಷ್ಟರಲ್ಲಿ ಗಾಳಿ, ಚರ್ಮ, ಎಲುಬು, ನೀರು, ವಿದ್ಯುತ್ತು ಎಲ್ಲವನ್ನೂ ದಾಟಿರುತ್ತದೆ. ಅದೂ ಅರ್ಧ ಸೆಕೆಂಡಿನೊಳಗೆ.

ಕನ್ನಡದ ‘ಕೇಳು’ ಅನ್ನುವ ಪದ ಈ ವಿಷಯದಲ್ಲಿ ನನಗೆ ತುಂಬ ಇಷ್ಟ. ಹಾಡು ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ಮೆದುಳು ಮಾತನ್ನು ಅರ್ಥ ಮಾಡಿಕೊಳ್ಳುವಾಗ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಕಿವಿ ತಂದುಕೊಟ್ಟ ಸದ್ದನ್ನು ಸುಮ್ನೆ ತೆಗೆದುಕೊಂಡು ಕೂರುವುದಿಲ್ಲ. “ಇದು ಇಂಥ ಪದವಾ? ಮುಂದೆ ಬರೋದು ಇದೇ ತಾನೇ?” ಎಂದು ಆ ಸದ್ದನ್ನು ಒಂದೇ ಸಮನೆ ಕೇಳುತ್ತಿರುತ್ತದೆ. ಅದು ಹೇಗೆ ಎಂದು ನೋಡೋಣ. ಮೊದಲು ಕಿವಿಯಿಂದಲೇ ಶುರು ಮಾಡಬೇಕು.

ಗಾಳಿಯಿಂದ ನೀರಿಗೆ

ನಾವು ಮಾತಾಡಿದಾಗ ಗಂಟಲಿನ ಧ್ವನಿತಂತುಗಳು ಅದುರುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ. ಆ ಅದುರಾಟ ಗಾಳಿಯನ್ನು ಒತ್ತುತ್ತದೆ, ಸಡಿಲಿಸುತ್ತದೆ. ಒತ್ತಡದ ಈ ಏರಿಳಿತವೇ ಸದ್ದು. ಸೆಕೆಂಡಿಗೆ ಎಷ್ಟು ಸಲ ಅದುರಿತು ಅನ್ನುವುದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎಳೆಯ, ಆರೋಗ್ಯವಾದ ಕಿವಿಗೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ.

ಕಿವಿಯ ತೂತಿನ ಒಳಗೆ ಸುಮಾರು 2.5 ಸೆಂಟಿಮೀಟರ್ ಉದ್ದದ ಕೊಳವೆ ಇದೆ. ಅದರ ಕೊನೆಯಲ್ಲಿ ಕಿವಿತಮಟೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ನಿರ್ದಿಷ್ಟ ಸ್ವರ ಹೊರಡುತ್ತದಲ್ವಾ? ಒಂದು ಕಡೆ ಮುಚ್ಚಿದ ಈ ಕೊಳವೆಗೂ ತನ್ನದೇ ಒಂದು ಸ್ವರ ಇದೆ. ಅದು ಸುಮಾರು 3,000 ಹರ್ಟ್ಸ್ ಆಸುಪಾಸು. ಆ ಭಾಗದ ಸದ್ದು ಕೊಳವೆಯೊಳಗೆ ತಾನಾಗಿಯೇ ಜೋರಾಗುತ್ತದೆ. ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಸುಳಿವುಗಳಲ್ಲಿ ಹೆಚ್ಚಿನವು ಇರುವುದೂ ಆ ಆಸುಪಾಸಿನಲ್ಲೇ.

ಕಿವಿತಮಟೆ ಎಷ್ಟು ಸೂಕ್ಷ್ಮ ಅಂದರೆ, ಕೇಳಿಸಬಹುದಾದ ಅತಿ ಮೆಲ್ಲನೆಯ ಸದ್ದಿಗೆ ಅದು ಅಲುಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ. ತಮಟೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆ. ಅವುಗಳ ಆಕಾರ ನೋಡಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಕರೆದಿದ್ದಾರೆ. ಕುದುರೆ ಸವಾರ ಕಾಲಿಡುವ ಆ ರಿಕಾಪಿನ ಆಕಾರದ ಎಲುಬು ನಮ್ಮ ಮೈಯಲ್ಲೇ ಅತಿ ಚಿಕ್ಕದು, ಸುಮಾರು 3 ಮಿಲಿಮೀಟರ್.

ಈ ಎಲುಬುಗಳು ಯಾಕೆ ಬೇಕು? ಒಳಗಿವಿಯ ತುಂಬ ದ್ರವ ಇದೆ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ನೀರಿಗೆ ಬಡಿದರೆ ಬಹುಪಾಲು ವಾಪಸ್ ಪುಟಿಯುತ್ತದೆ. ನೀರಿನಲ್ಲಿ ಮುಳುಗಿದಾಗ ದಡದಲ್ಲಿ ನಿಂತವರ ಮಾತು ಸರಿಯಾಗಿ ಕೇಳಿಸದಿರುವುದು ಅದಕ್ಕೇ. ಹಾಗಾಗಿ ಗಾಳಿಯ ತೆಳು ಒತ್ತಡವನ್ನು ನೀರನ್ನು ತಳ್ಳುವಷ್ಟು ಗಟ್ಟಿ ಮಾಡಬೇಕು. ತಮಟೆ ದೊಡ್ಡದು, ರಿಕಾಪಿನ ಪಾದ ಚಿಕ್ಕದು, ಸುಮಾರು 17 ಪಟ್ಟು ವ್ಯತ್ಯಾಸ. ದೊಡ್ಡ ಜಾಗದಲ್ಲಿ ಬಿದ್ದ ಬಲವನ್ನು ಚಿಕ್ಕ ಜಾಗಕ್ಕೆ ಹಾಯಿಸಿದರೆ ಒತ್ತಡ ಹೆಚ್ಚುತ್ತದೆ. ಗುಂಡುಪಿನ್ನಿನ ತಲೆಯನ್ನು ಬೆರಳಿನಿಂದ ಒತ್ತಿದರೆ ಮೊನೆ ಒಳಗೆ ಇಳಿಯುವುದೂ ಇದೇ ಲೆಕ್ಕದಲ್ಲಿ. ಎಲುಬುಗಳು ಸನ್ನೆಗೋಲಿನಂತೆಯೂ ಕೆಲಸ ಮಾಡುವುದರಿಂದ ಒತ್ತಡ ಒಟ್ಟು 20 ಪಟ್ಟಿಗೂ ಹೆಚ್ಚಾಗುತ್ತದೆ.

ಬಸವನಹುಳುವಿನ ಚಿಪ್ಪು

ರಿಕಾಪು ತಳ್ಳುವುದು ಕಾಕ್ಲಿಯ ಎಂಬ ಸುರುಳಿಯನ್ನು. ನೋಡಲು ಬಸವನಹುಳುವಿನ ಚಿಪ್ಪಿನ ಹಾಗೆ, ಎರಡೂವರೆ ಸುತ್ತಿಗಿಂತ ಕೊಂಚ ಹೆಚ್ಚು. ಬಿಡಿಸಿ ನೇರ ಮಾಡಿದರೆ ಸುಮಾರು 35 ಮಿಲಿಮೀಟರ್ ಉದ್ದ. ಕೇಳುವಿಕೆಯ ದೊಡ್ಡ ಚಮತ್ಕಾರ ನಡೆಯುವುದು ಇಷ್ಟು ಚಿಕ್ಕ ಜಾಗದಲ್ಲಿ.

ಸುರುಳಿಯ ಉದ್ದಕ್ಕೂ ಒಂದು ಪೊರೆ ಇದೆ. ಬುಡದಲ್ಲಿ ಅದು ಕಿರಿದು, ಬಿಗಿ. ತುದಿಗೆ ಹೋಗುತ್ತಾ ಅಗಲ, ಸಡಿಲ. ಆದ್ದರಿಂದ ಕೀರಲು ಸದ್ದಿಗೆ ಬುಡದ ಭಾಗ ಹೆಚ್ಚು ಅಲುಗುತ್ತದೆ, ದಪ್ಪ ಸದ್ದಿಗೆ ತುದಿಯ ಭಾಗ. ಒಂದು ಸದ್ದಿನಲ್ಲಿ ಹತ್ತು ಬಗೆಯ ಅದುರಾಟ ಬೆರೆತಿದ್ದರೆ ಪೊರೆಯ ಬೇರೆ ಬೇರೆ ಜಾಗಗಳು ಒಂದೊಂದನ್ನು ಆರಿಸಿಕೊಳ್ಳುತ್ತವೆ. ಮಳೆಬಿಲ್ಲಿನಲ್ಲಿ ಬೆಳಕು ಬಣ್ಣ ಬಣ್ಣವಾಗಿ ಬಿಡಿಸಿಕೊಂಡ ಹಾಗೆ ಇಲ್ಲಿ ಸದ್ದು ಬಿಡಿಸಿಕೊಳ್ಳುತ್ತದೆ. ಪೊರೆಯ ಮೇಲೆ ಅಲೆ ಹೀಗೆ ಸಾಗುವುದನ್ನು ಕಂಡುಕೊಂಡವರು ಹಂಗೇರಿ ಮೂಲದ ಗೇಯಾರ್ಗ್ ಫಾನ್ ಬೇಕೇಶಿ. ಸತ್ತವರ ಕಿವಿಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ಇಟ್ಟು, ಅಲೆ ಓಡುವುದನ್ನು ಅವರು ಕಣ್ಣಾರೆ ನೋಡಿದರು. 1961ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಜೀವಂತ ಕಿವಿ ಇನ್ನೂ ಹರಿತ. ಪೊರೆಯ ಮೇಲೆ ಸಾಲಾಗಿ ಕೂದಲುಕೋಶಗಳು ನಿಂತಿವೆ. ಒಂದೊಂದರ ನೆತ್ತಿಯ ಮೇಲೂ ಸೂಕ್ಷ್ಮ ಎಳೆಗಳ ಗೊಂಚಲು. ಒಳಸಾಲಿನಲ್ಲಿ ಸುಮಾರು 3,500 ಕೋಶಗಳು, ಹೊರಸಾಲುಗಳಲ್ಲಿ ಸುಮಾರು 12,000. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 10 ಕೋಟಿ. ಅದಕ್ಕೆ ಹೋಲಿಸಿದರೆ ಕಿವಿಯ ಬಂಡವಾಳ ಎಷ್ಟು ಕಡಿಮೆ ನೋಡಿ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹುಟ್ಟುವಾಗ ತಂದಷ್ಟೇ ಕೊನೆಯವರೆಗೂ.

ಒಳಸಾಲಿನ ಕೋಶಗಳೇ ನಿಜವಾಗಿ ‘ಕೇಳುವವು’. ಎಳೆಗಳು ಬಾಗಿದರೆ ಪುಟ್ಟ ಬಾಗಿಲುಗಳು ತೆರೆಯುತ್ತವೆ. ವಿದ್ಯುದಾವೇಶ ಹೊತ್ತ ಪೊಟ್ಯಾಸಿಯಮ್ ಕಣಗಳು ಒಳನುಗ್ಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಹೊರಸಾಲಿನವು ಮಾಡುವ ಕೆಲಸ ಬೇರೆ. ಸದ್ದು ಬಂದಾಗ ಅವು ತಾವೇ ಉದ್ದವಾಗಿ ಗಿಡ್ಡವಾಗಿ ಕುಣಿಯುತ್ತವೆ. ಕುಣಿದು ಪೊರೆಯ ಅಲುಗಾಟವನ್ನು ಹೆಚ್ಚಿಸುತ್ತವೆ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಗಳಿಗೆಗೆ ಮೆಲ್ಲಗೆ ತಳ್ಳುತ್ತೇವಲ್ಲ, ಹಾಗೆ. ಮೆಲ್ಲನೆಯ ಸದ್ದನ್ನು ಹೆಚ್ಚು ತಳ್ಳುತ್ತವೆ, ಜೋರಾದ ಸದ್ದನ್ನು ಅಷ್ಟಾಗಿ ತಳ್ಳುವುದಿಲ್ಲ. ಈ ಒಂದು ಅಂಶ ನೆನಪಿರಲಿ, ಅಪ್ಪನ ಕಿವಿಯ ಗುಟ್ಟು ಇಲ್ಲೇ ಇದೆ.

ಕಿವಿಯೊಳಗೆ ಹೀಗೊಂದು ಜೀವಂತ ವರ್ಧಕ ಇರಲೇಬೇಕು ಎಂದು ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಆಗ ಹೆಚ್ಚಿನವರು ಒಪ್ಪಲಿಲ್ಲ. ಇಂಥ ವರ್ಧಕ ಇದ್ದರೆ ಕಿವಿಯಿಂದ ಸದ್ದು ಹೊರಗೂ ಬರಬೇಕಲ್ಲ? 1978ರಲ್ಲಿ ಡೇವಿಡ್ ಕೆಂಪ್ ಅದನ್ನೇ ದಾಖಲಿಸಿ ತೋರಿಸಿದರು. ಕಿವಿಗೆ ಒಂದು ಟಿಕ್ ಸದ್ದು ಕಳಿಸಿದರೆ ಕೆಲವು ಮಿಲಿಸೆಕೆಂಡಿನಲ್ಲಿ ಕಿವಿ ತನ್ನದೇ ಸಣ್ಣ ಸದ್ದನ್ನು ಹೊರಗೆ ಕಳಿಸುತ್ತದೆ. ಇಂದು ಆಗತಾನೇ ಹುಟ್ಟಿದ ಕೂಸಿನ ಕಿವಿ ಪರೀಕ್ಷೆ ಮಾಡುವುದಕ್ಕೆ ಇದನ್ನೇ ಬಳಸುತ್ತಾರೆ. ನಿದ್ದೆಯಲ್ಲಿರುವ ಕೂಸಿನ ಕಿವಿಯಲ್ಲಿ ಪುಟ್ಟ ಮೈಕ್ ಇಟ್ಟು, ಆ ಕಿವಿ ಏನು ಹಾಡುತ್ತದೆ ಎಂದು ಕೇಳುತ್ತಾರೆ. ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ನರದ ಹಾದಿ

ಒಂದೊಂದು ಕಿವಿಯಿಂದ ಸುಮಾರು 30,000 ನರತಂತುಗಳು ಹೊರಡುತ್ತವೆ. ಅವು ಎರಡು ಬಗೆಯಲ್ಲಿ ಸುದ್ದಿ ಒಯ್ಯುತ್ತವೆ. ಯಾವ ಜಾಗದ ತಂತು ಮಿಡಿಯಿತು ಅನ್ನುವುದು ಒಂದು. ಯಾವ ತಾಳಕ್ಕೆ ಮಿಡಿಯಿತು ಅನ್ನುವುದು ಇನ್ನೊಂದು. ಸದ್ದಿನ ಏರಿಳಿತದ ಜೊತೆ ತಾಳ ಹಾಕುತ್ತಾ ನರಗಳು ಮಿಡಿಯಬಲ್ಲವು, ಸುಮಾರು 4,000 ಹರ್ಟ್ಸ್‌ವರೆಗೂ.

ಹಳೆಯ ಟೆಲಿಫೋನ್ ಲೈನುಗಳು 300 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ದನಿಯ ಮೂಲ ಅದುರಾಟ 100ರಿಂದ 130 ಅಂತ ಆಗಲೇ ಹೇಳಿದೆ. ಅಂದರೆ ಆ ದನಿಯ ತಳಪಾಯವೇ ಆಚೆ ಕಡೆಗೆ ತಲುಪುತ್ತಿರಲಿಲ್ಲ. ಆದರೂ ಫೋನಿನಲ್ಲಿ ಗಂಡಸರ ದನಿ ಹೆಂಗಸರ ದನಿಯ ಹಾಗೆ ಕೇಳಿಸಲಿಲ್ಲ. ಮೇಲಿನ ಅದುರಾಟಗಳ ತಾಳ ನೋಡಿ, ಇಲ್ಲದ ಆ ತಳಸ್ವರವನ್ನು ಕೇಳುವವರ ಮೆದುಳೇ ಕಟ್ಟಿಕೊಳ್ಳುತ್ತಿತ್ತು. ಬಂದಿರುವ ಚೂರುಗಳಿಂದ ಇಲ್ಲದ್ದನ್ನು ಕಟ್ಟುವ ಈ ಸ್ವಭಾವ ಮುಂದೆ ಮತ್ತೆ ಮತ್ತೆ ಸಿಗುತ್ತದೆ.

ನರದ ಸುದ್ದಿ ನೇರವಾಗಿ ಮೇಲ್ಮೆದುಳಿಗೆ ಹೋಗುವುದಿಲ್ಲ. ಮೊದಲು ಮೆದುಳಿನ ಬುಡದಲ್ಲಿ ಕೆಲವು ತಂಗುದಾಣಗಳು. ಅಲ್ಲಿ ಎರಡೂ ಕಿವಿಗಳ ಲೆಕ್ಕ ತಾಳೆ ನೋಡುವ ಕೆಲಸ ನಡೆಯುತ್ತದೆ. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ಕೊಂಚ ತಡವಾಗಿ. ಆ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಾಕು, ಸದ್ದು ಎಲ್ಲಿಂದ ಬಂತು ಎಂದು ಮೆದುಳು ಹೇಳಿಬಿಡುತ್ತದೆ. ಗಲಾಟೆಯ ನಡುವೆ ಒಬ್ಬರ ಮಾತನ್ನು ಹಿಡಿದುಕೊಳ್ಳಲು ಇದು ದೊಡ್ಡ ಆಸರೆ. ಒಂದೇ ಕಿವಿ ಕೇಳಿಸುವವರು ಗದ್ದಲದಲ್ಲಿ ಅಷ್ಟು ಕಷ್ಟಪಡುವುದಕ್ಕೆ ಇದೂ ಒಂದು ಕಾರಣ. ಅಲ್ಲಿಂದ ಮೇಲೆ ಹೋದ ಸುದ್ದಿ ಕಿವಿಗಳ ಪಕ್ಕದಲ್ಲಿ, ಕಣತಲೆಯ ಒಳಬದಿಗೆ ಇರುವ ಮೇಲ್ಮೆದುಳಿನ ಭಾಗಕ್ಕೆ ತಲುಪುತ್ತದೆ.

ಅಕ್ಷರ ಎಲ್ಲಿದೆ?

ಇಷ್ಟಾದರೂ ಮೆದುಳಿನ ಕೈಯಲ್ಲಿರುವುದು ಬರೀ ಸದ್ದು. ಮಾತು ಇನ್ನೂ ಹುಟ್ಟಿಲ್ಲ.

ಒಂದೇ ಶ್ರುತಿಯಲ್ಲಿ ‘ಈ’ ಎಂದು ಎಳೆಯಿರಿ. ಹಾಗೇ ಶ್ರುತಿ ಬದಲಿಸದೆ ‘ಊ’ಗೆ ಜಾರಿ. ಗಂಟಲಿನಲ್ಲಿ ಏನೂ ಬದಲಾಗಲಿಲ್ಲ, ಬಾಯಿ ಮತ್ತು ನಾಲಿಗೆ ಮಾತ್ರ ಬದಲಾದವು. ಬಾಯಿಯೊಳಗಿನ ಜಾಗದ ಆಕಾರ ಕೆಲವು ಅದುರಾಟಗಳನ್ನು ಎತ್ತಿ ಹಿಡಿಯುತ್ತದೆ. ಆ ಎತ್ತರದ ಜಾಗಗಳಿಗೆ ಫಾರ್ಮಂಟ್ ಅನ್ನುತ್ತಾರೆ. ‘ಈ’ಯಲ್ಲಿ ಒಂದು ಸುಮಾರು 300 ಹರ್ಟ್ಸ್‌ನಲ್ಲಿ, ಇನ್ನೊಂದು 2,000ಕ್ಕೂ ಮೇಲೆ. ‘ಊ’ನಲ್ಲಿ ಮೊದಲನೆಯದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಎರಡನೆಯದು 1,000ಕ್ಕೂ ಕೆಳಗೆ ಇಳಿಯುತ್ತದೆ. ಸ್ವರಗಳನ್ನು ಮೆದುಳು ಗುರುತಿಸುವುದು ಮುಖ್ಯವಾಗಿ ಈ ಎರಡು ಎತ್ತರಗಳಿಂದ.

ವ್ಯಂಜನಗಳ ವಿಷಯ ಇನ್ನೂ ಸ್ವಾರಸ್ಯ. ‘ಕತೆ’ ಮತ್ತು ‘ಕತ್ತೆ’ ಎಂದು ಹೇಳಿ ನೋಡಿ. ಎರಡಕ್ಕೂ ಮುಖ್ಯ ವ್ಯತ್ಯಾಸ ಏನು? ನಾಲಿಗೆ ಹಲ್ಲಿಗೆ ಒತ್ತಿಕೊಂಡು ನಿಂತ ಹೊತ್ತು. ಆ ಹೊತ್ತಿನಲ್ಲಿ ಹೊರಗೆ ಬರುವುದು ಮೌನ. ಕತ್ತೆಯಲ್ಲಿ ಮೌನ ಕೊಂಚ ಜಾಸ್ತಿ, ಅಷ್ಟೇ. ನಾವು ‘ತ್ತ’ ಎಂದು ಕೇಳಿಸಿಕೊಳ್ಳುವುದು ಸದ್ದನ್ನಲ್ಲ, ಸದ್ದಿಲ್ಲದ ಜಾಗದ ಉದ್ದವನ್ನು. ಕನ್ನಡದಲ್ಲಿ ದಿನಕ್ಕೆ ಎಷ್ಟು ಸಾವಿರ ಸಲ ನಾವು ಹೀಗೆ ಮೌನವನ್ನು ಅಳೆಯುತ್ತೇವೋ!

ಇನ್ನೊಂದು ತೊಡಕು. ‘ದಿ’ ಮತ್ತು ‘ದು’ ಎರಡರಲ್ಲೂ ಇರುವುದು ಒಂದೇ ‘ದ್’ ಅಂತ ನಮಗೆ ಅನ್ನಿಸುತ್ತದೆ. ಆದರೆ ಸದ್ದನ್ನು ಚಿತ್ರವಾಗಿ ಮೂಡಿಸಿ ನೋಡಿದರೆ, ‘ದಿ’ಯಲ್ಲಿ ಎರಡನೇ ಫಾರ್ಮಂಟ್ ಮೇಲಕ್ಕೆ ಏರುತ್ತದೆ, ‘ದು’ನಲ್ಲಿ ಕೆಳಕ್ಕೆ ಇಳಿಯುತ್ತದೆ. ‘ದ್’ ಇಲ್ಲಿ ಮುಗಿಯಿತು, ‘ಇ’ ಇಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದೇ ಇಲ್ಲ. ನಾಲಿಗೆ ಒಂದು ಅಕ್ಷರದಲ್ಲಿರುವಾಗಲೇ ತುಟಿಗಳು ಮುಂದಿನದಕ್ಕೆ ತಯಾರಾಗಿರುತ್ತವೆ. ‘ಕಿ’ ಮತ್ತು ‘ಕು’ ಅನ್ನಲು ಹೊರಟು, ಇನ್ನೇನು ಸದ್ದು ಬರಬೇಕು ಅನ್ನುವಾಗ ಕನ್ನಡಿ ನೋಡಿಕೊಳ್ಳಿ. ‘ಕು’ಗೆ ತುಟಿ ಆಗಲೇ ಗುಂಡಗಾಗಿರುತ್ತದೆ. ಬರಹದಲ್ಲಿ ಅಕ್ಷರಗಳು ಮಣಿಗಳಂತೆ ಬಿಡಿಬಿಡಿ. ಆಡಿದ ಮಾತಿನಲ್ಲಿ ಅವು ಒಂದರ ಮೇಲೊಂದು ಹರಿದು ಬೆರೆತ ಬಣ್ಣಗಳು.

ಹಾಗಿದ್ದೂ ನಮಗೆ ಬಿಡಿ ಅಕ್ಷರಗಳೇ ಕೇಳಿಸುವುದು ಹೇಗೆ? ಅಮೆರಿಕದ ಹ್ಯಾಸ್ಕಿನ್ಸ್ ಲ್ಯಾಬೊರೇಟರೀಸ್‌ನಲ್ಲಿ ಆಲ್ವಿನ್ ಲೀಬರ್ಮನ್ ಮತ್ತು ಜೊತೆಗಾರರು 1957ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ‘ಬ’ದಿಂದ ‘ದ’ಕ್ಕೆ, ಅಲ್ಲಿಂದ ‘ಗ’ಕ್ಕೆ ಸದ್ದನ್ನು ಯಂತ್ರದಿಂದ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಬದಲಿಸುತ್ತಾ ಹೋದರು. ಕೇಳಿದವರಿಗೆ ನಡುವಿನ ಅರೆಬರೆ ಸದ್ದುಗಳು ಅರೆಬರೆಯಾಗಿ ಕೇಳಿಸಲಿಲ್ಲ. ಒಂದು ಮೆಟ್ಟಿಲಿನವರೆಗೆ ‘ಬ’, ಅದನ್ನು ದಾಟಿದ ಕೂಡಲೇ ‘ದ’. ಮೆದುಳು ಗಡಿ ಹಾಕಿಕೊಂಡಿದೆ. ಗಡಿಯ ಒಳಗಿನ ವ್ಯತ್ಯಾಸಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ, ಗಡಿ ದಾಟಿದ ವ್ಯತ್ಯಾಸವನ್ನು ದೊಡ್ಡದಾಗಿ ಕೇಳಿಸುತ್ತದೆ.

ಈ ಗಡಿಗಳನ್ನು ಹಾಕುವುದು ನಾವು ಎಳವೆಯಲ್ಲಿ ಕೇಳಿದ ಭಾಷೆ. ನಮಗೆ ‘ತ’ ಮತ್ತು ‘ಟ’ ಹಗಲು ರಾತ್ರಿಯಷ್ಟು ಬೇರೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಎರಡೂ ಒಂದೇ ಅನ್ನಿಸುವುದೇ ಹೆಚ್ಚು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ್ದು ಇದರ ಬಾಲ್ಯವನ್ನು. ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತಿದ್ದವು. 10ರಿಂದ 12 ತಿಂಗಳಾಗುವಷ್ಟರಲ್ಲಿ ಹೆಚ್ಚಿನವು ಅದನ್ನು ಕಳೆದುಕೊಂಡಿದ್ದವು. ಕೂಸಿನ ಕಿವಿ ಕೆಟ್ಟಿರಲಿಲ್ಲ. ತನ್ನ ಮನೆಯ ಮಾತಿಗೆ ಯಾವ ವ್ಯತ್ಯಾಸ ಬೇಕು, ಯಾವುದು ಬೇಡ ಎಂದು ಮೆದುಳು ತೀರ್ಮಾನಿಸಿತ್ತು. ನಮ್ಮಲ್ಲೂ ಎಷ್ಟೋ ಜನರಿಗೆ ಇಂಗ್ಲಿಷಿನ ‘ವೆಸ್ಟ್’ ಎಂಬ ಎರಡು ಬೇರೆ ಪದಗಳು, ಬನಿಯನ್ನಿನದೂ ಪಶ್ಚಿಮದ್ದೂ, ಒಂದೇ ಥರ ಕೇಳಿಸುತ್ತವೆ. ಕನ್ನಡ ಬರಹದಲ್ಲಿ ಎರಡಕ್ಕೂ ಒಂದೇ ‘ವ’.

ಪದ ಕತ್ತರಿಸುವವರು ಯಾರು

ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ. ಮಾತಾಡುವಾಗ ಬಿಡುವುದಿಲ್ಲ. ‘ಅವನೆಲ್ಲಿಗೋಗಿದಾನೆ’ ಎಂದು ಒಂದೇ ಉಸಿರಿನಲ್ಲಿ ಹರಿದುಬಿಡುತ್ತದೆ. ಗೊತ್ತಿಲ್ಲದ ಭಾಷೆಯವರು ಮಾತಾಡಿದಾಗ “ಎಷ್ಟು ಬೇಗ ಮಾತಾಡ್ತಾರಪ್ಪ” ಅನ್ನಿಸುವುದು ಅದಕ್ಕೇ. ನಾವೂ ಅವರ ಕಿವಿಗೆ ಹಾಗೇ. ಪದ ಎಲ್ಲಿ ಮುಗಿಯಿತು ಎಂದು ಕತ್ತರಿಸುವುದು ಕೇಳುವವರ ಮೆದುಳು.

ಕೂಸುಗಳು ಇದನ್ನು ಕಲಿಯುವುದು ಹೇಗೆ? 1996ರಲ್ಲಿ ಜೆನ್ನಿ ಸಫ್ರನ್, ರಿಚರ್ಡ್ ಆ್ಯಸ್ಲಿನ್, ಎಲಿಸ್ಸಾ ನ್ಯೂಪೋರ್ಟ್ ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಲಿಗಳ ಒಂದು ಸರಪಳಿ ಕೇಳಿಸಿದರು. ನಡುವೆ ನಿಲುಗಡೆ ಇಲ್ಲ, ಒತ್ತು ಇಲ್ಲ. ಆದರೆ ಕೆಲವು ಉಲಿಗಳು ಯಾವಾಗಲೂ ಒಂದರ ಹಿಂದೆ ಒಂದು ಬರುತ್ತಿದ್ದವು, ಕೆಲವು ಅಪರೂಪಕ್ಕೆ. ಎರಡೇ ನಿಮಿಷ ಕೇಳಿದ ಕೂಸುಗಳು ಯಾವುದು ಒಟ್ಟಿಗೆ ಹೋಗುವ ‘ಪದ’, ಯಾವುದು ಅಲ್ಲ ಎಂದು ಬೇರೆ ಮಾಡಿದವು. ತೊದಲು ಮಾತೂ ಸರಿಯಾಗಿ ಬಾರದ ಕೂಸು ಒಳಗೊಳಗೇ ಲೆಕ್ಕ ಇಡುತ್ತಿರುತ್ತದೆ. ಕೂಸಿನ ಜೊತೆ ಮಾತಾಡಿದರೆ ಅದಕ್ಕೇನು ಗೊತ್ತಾಗುತ್ತೆ ಅನ್ನುವವರಿಗೆ ಈ ಪ್ರಯೋಗದ ಬಗ್ಗೆ ಹೇಳಬೇಕು ಅನ್ನಿಸುತ್ತದೆ.

ದೊಡ್ಡವರಾದ ಮೇಲೆ ಮೆದುಳು ಇನ್ನೂ ಮುಂದೆ ಓಡುತ್ತದೆ. ಒಂದು ಪದದ ಮೊದಲ ಉಲಿ ಬಿದ್ದ ಕೂಡಲೇ ಹಾಗೆ ಶುರುವಾಗುವ ಹಲವು ಪದಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ. ಮುಂದಿನ ಉಲಿ ಬಂದಂತೆ ಹೊಂದದವು ಕೂರುತ್ತವೆ. 1995ರಲ್ಲಿ ಮೈಕೆಲ್ ಟನೆನ್‌ಹೌಸ್ ಮತ್ತು ಜೊತೆಗಾರರು ಇದನ್ನು ಕಣ್ಣಿನ ಚಲನೆಯಿಂದ ಹಿಡಿದರು. ಎದುರಿಗೆ ಕ್ಯಾಂಡಲ್ ಮತ್ತು ಕ್ಯಾಂಡಿ ಎರಡೂ ಇದ್ದಾಗ, ಒಂದರ ಹೆಸರು ಹೇಳುತ್ತಿದ್ದ ಹಾಗೇ ಕಣ್ಣು ಅತ್ತಿತ್ತ ಓಡಿ ತಡವರಿಸುತ್ತಿತ್ತು. ಬೇರೆ ಥರ ಶುರುವಾಗುವ ಹೆಸರಿನ ವಸ್ತುಗಳು ಮಾತ್ರ ಇದ್ದರೆ, ಪದ ಮುಗಿಯುವ ಮೊದಲೇ ಕಣ್ಣು ಸರಿಯಾದ ವಸ್ತುವಿಗೆ ಹೊರಟಿರುತ್ತಿತ್ತು.

ಅರ್ಥದ ಮಟ್ಟದಲ್ಲೂ ಹೀಗೇ. “ಮಳೆ ಬರ್ತಿದೆ, ಹೊರಗೆ ಹೋಗೋವಾಗ ಮರೀದೆ ಮೇಜು ಬಿಚ್ಚಿ ಹಿಡ್ಕೋ” ಎಂದು ಯಾರಾದರೂ ಅಂದರೆ ನೀವು ‘ಮೇಜು’ ಹತ್ತಿರ ಮುಗ್ಗರಿಸುತ್ತೀರಿ. ಮೆದುಳು ಅಲ್ಲಿ ‘ಕೊಡೆ’ಗಾಗಿ ಕಾದು ಕೂತಿತ್ತು. ಹೊಂದದ ಪದ ಬಿದ್ದ ಸುಮಾರು 400 ಮಿಲಿಸೆಕೆಂಡಿಗೆ ನೆತ್ತಿಯ ಮೇಲಿನ ವಿದ್ಯುತ್ ಅಳತೆಯಲ್ಲಿ ಒಂದು ಅಲೆ ಏಳುತ್ತದೆ. ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಇದನ್ನು 1980ರಲ್ಲಿ ಗುರುತಿಸಿದರು.

ಮುಂದೋಡುವ ಈ ಮೆದುಳು ಕಾಣೆಯಾದದ್ದನ್ನೂ ತುಂಬಿಕೊಳ್ಳುತ್ತದೆ. 1970ರಲ್ಲಿ ರಿಚರ್ಡ್ ವಾರೆನ್ ಒಂದು ವಾಕ್ಯದ ಧ್ವನಿಮುದ್ರಿಕೆಯಿಂದ ಒಂದು ಉಲಿಯನ್ನು ಪೂರ್ತಿ ಕತ್ತರಿಸಿ, ಆ ಜಾಗಕ್ಕೆ ಕೆಮ್ಮಿನ ಸದ್ದು ಅಂಟಿಸಿದರು. ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು. ಯಾವ ಉಲಿ ಇರಲಿಲ್ಲ ಎಂದು ಹೇಳಲು ಅವರಿಗೆ ಆಗಲಿಲ್ಲ. ಕೆಮ್ಮು ಸರಿಯಾಗಿ ಎಲ್ಲಿ ಬಂತು ಅನ್ನುವುದನ್ನೂ ಗುರುತಿಸಲು ಆಗಲಿಲ್ಲ. ಊಹಿಸಿದ್ದು ಊಹೆಯಾಗಿ ಉಳಿಯದೆ, ಕೇಳಿಸಿದ್ದೇ ಆಗಿಬಿಟ್ಟಿತ್ತು.

ಕಣ್ಣೂ ಇದರಲ್ಲಿ ಪಾಲುದಾರ. ‘ಬ’ ಎಂಬ ಸದ್ದಿಗೆ ‘ಗ’ ಅನ್ನುವ ಬಾಯಿಯ ಚಿತ್ರ ಹೊಂದಿಸಿ ತೋರಿಸಿದರೆ ಬಹಳ ಜನರಿಗೆ ಕೇಳಿಸುವುದು ‘ದ’. ಕಣ್ಣು ಮುಚ್ಚಿದರೆ ಮತ್ತೆ ‘ಬ’. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಇದನ್ನು ಪ್ರಕಟಿಸಿದರು. ವಿಷಯ ಗೊತ್ತಿದ್ದರೂ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎದುರಿನವರ ತುಟಿಯನ್ನು ನಾವೆಲ್ಲರೂ ಅರಿವಿಲ್ಲದೆ ಓದುತ್ತಿರುತ್ತೇವೆ.

ಇಷ್ಟು ಊಹೆ ಯಾಕೆ ಬೇಕು ಅನ್ನಿಸಬಹುದು. ಮಾತುಕತೆಯ ವೇಗ ನೋಡಿ. ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಹಲವು ಭಾಷೆಗಳಲ್ಲಿ ಸರಾಸರಿ ಸುಮಾರು 200 ಮಿಲಿಸೆಕೆಂಡು. ಒಂದು ಪದವನ್ನು ನೆನೆದು ಬಾಯಿಗೆ ತರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಅವರ ವಾಕ್ಯದ ಕೊನೆಯನ್ನು ಊಹಿಸಿ, ಉತ್ತರ ತಯಾರು ಮಾಡಿಕೊಂಡಿರುತ್ತೇವೆ.

ಚೂರುಗಳಿಂದಲೂ ಮೆದುಳು ಎಷ್ಟು ಕಟ್ಟಬಲ್ಲದು ಅನ್ನುವುದಕ್ಕೆ ಕಿವುಡಾದವರ ಕಾಕ್ಲಿಯದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಾವಿರಾರು ಕೂದಲುಕೋಶಗಳ ಕೆಲಸವನ್ನು ಅಲ್ಲಿ ಎರಡು ಡಜನ್‌ಗಿಂತ ಕಡಿಮೆ ವಿದ್ಯುತ್ ತುದಿಗಳು ಮಾಡುತ್ತವೆ. ಮೊದಮೊದಲು ಕೇಳಿಸುವುದು ಗರಗರ ಸದ್ದು ಎಂದು ಹಲವರು ಹೇಳುತ್ತಾರೆ. ತಿಂಗಳುಗಳು ಕಳೆದಂತೆ ಅದೇ ಗರಗರ ಮಾತಾಗುತ್ತದೆ. ಯಂತ್ರ ಬದಲಾಗಿರುವುದಿಲ್ಲ, ಅದನ್ನು ಕೇಳುವುದನ್ನು ಮೆದುಳು ಕಲಿತಿರುತ್ತದೆ.

ಅಪ್ಪನ ಕಿವಿ

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸಾಯುವುದು ಕಾಕ್ಲಿಯದ ಬುಡದ ಕಡೆಯ ಕೂದಲುಕೋಶಗಳು, ಅಂದರೆ ಕೀರಲು ಸದ್ದಿನವು. ಸ್ವರಗಳ ಬಲ ಇರುವುದು ಹೆಚ್ಚಾಗಿ ಕೆಳಗಿನ ಅದುರಾಟಗಳಲ್ಲಿ. ಅವು ಚೆನ್ನಾಗಿ ತಲುಪುತ್ತವೆ, ಹಾಗಾಗಿ ಮಾತು ‘ಕೇಳಿಸುತ್ತದೆ’. ‘ಸ’, ‘ಶ’, ‘ಕ’, ‘ತ’ದಂಥ ವ್ಯಂಜನಗಳ ಸುಳಿವು ಇರುವುದು ಮೇಲೆ, ಅದೂ ಮೆಲ್ಲಗೆ. ‘ಸ’ದ ಸುಯ್ಯೆನ್ನುವ ಸದ್ದು 4,000 ಹರ್ಟ್ಸ್‌ಗೂ ಮೇಲಿದೆ. ಅದು ಹೋದರೆ ಕಾಲು, ಸಾಲು, ಹಾಲು, ಪಾಲು ಎಲ್ಲವೂ ಅಪ್ಪನಿಗೆ ‘ಆಲು’. ಸದ್ದು ಇದೆ, ಪದ ಇಲ್ಲ.

ಜೋರಾಗಿ ಹೇಳಿದರೆ ನೋವು ಯಾಕೆ? ಮೆಲ್ಲನೆಯ ಸದ್ದನ್ನು ತಳ್ಳುತ್ತಿದ್ದ ಹೊರಸಾಲಿನ ಕೋಶಗಳು ಹೋಗಿವೆ. ಆದ್ದರಿಂದ ಮೆಲ್ಲನೆಯದು ಕೇಳಿಸುವುದಿಲ್ಲ. ಜೋರಾದ ಸದ್ದಿಗೆ ಅವುಗಳ ಸಹಾಯ ಮೊದಲೂ ಅಷ್ಟಾಗಿ ಬೇಕಿರಲಿಲ್ಲ, ಅದು ಮುಂಚಿನಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಕೇಳಿಸದ ಸದ್ದಿಗೂ ನೋಯಿಸುವ ಸದ್ದಿಗೂ ನಡುವೆ ಇದ್ದ ವಿಶಾಲ ಅಂಗಳ ಕಿರಿದಾದ ಓಣಿ ಆಗಿಬಿಟ್ಟಿದೆ. ನಾನು ಕೂಗಿದಾಗ ನೇರ ಆ ಓಣಿಯನ್ನು ದಾಟಿ ಆಚೆ ಹೋಗುತ್ತಿದ್ದೆ. ಅದೂ ಅಲ್ಲದೆ ಕೂಗಿದರೆ ಜೋರಾಗುವುದು ಸ್ವರಗಳೇ ಹೆಚ್ಚು. ಅಪ್ಪನಿಗೆ ಬೇಕಿದ್ದುದು ವ್ಯಂಜನ.

ಕಿವಿಯಿಂದ ಬರುವ ಚೂರುಗಳು ಕಡಿಮೆಯಾದಷ್ಟೂ ಮೆದುಳಿನ ಊಹೆಯ ಕೆಲಸ ಹೆಚ್ಚು. ಹಾಗಾಗಿಯೇ ಕಿವಿ ಮಂದವಾದವರು ನಾಲ್ಕು ಜನ ಸೇರಿದ ಕಡೆ ಅರ್ಧ ಗಂಟೆಯಲ್ಲಿ ಬಳಲಿ ಸುಮ್ಮನಾಗುತ್ತಾರೆ. ಅದನ್ನು ನಾವು ಬೇಸರ ಅಥವಾ ಮುನಿಸು ಅಂದುಕೊಳ್ಳುತ್ತೇವೆ. ಹಿಯರಿಂಗ್ ಏಡ್ ಖಂಡಿತ ಸಹಾಯ ಮಾಡುತ್ತದೆ, ಬೇಗ ಹಾಕಿಸಿಕೊಂಡಷ್ಟೂ ಒಳ್ಳೆಯದು. ಹಾಕಿದ ದಿನವೇ ಎಲ್ಲ ಸರಿಹೋಗಬೇಕು ಎಂದು ನಿರೀಕ್ಷಿಸಬಾರದು, ಮೆದುಳಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಇಯರ್‌ಫೋನ್ ಹಾಕಿಕೊಂಡು ಬೆಳೆಯುತ್ತಿರುವವರಿಗೂ ಒಂದು ಲೆಕ್ಕ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ ಅದು ಬರೀ 4 ಗಂಟೆ.

ಈಗ ಅಪ್ಪನ ಜೊತೆ ಮಾತಾಡುವ ರೀತಿ ಬದಲಿಸಿದ್ದೇನೆ. ಪಕ್ಕದ ಕೋಣೆಯಿಂದ ಕೂಗುವುದಿಲ್ಲ. ಹತ್ತಿರ ಹೋಗಿ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಎದುರಿಗೆ ಕೂರುತ್ತೇನೆ, ಅವರಿಗೆ ತುಟಿ ಕಾಣಬೇಕು. ಟಿವಿ ಆರಿಸುತ್ತೇನೆ. ಯಾವ ವಿಷಯ ಅನ್ನುವುದನ್ನು ಮೊದಲು ಹೇಳುತ್ತೇನೆ, ಊಹೆಗೆ ಒಂದು ನೆಲ ಸಿಗುತ್ತದೆ. ಗೊತ್ತಾಗದಿದ್ದರೆ ಅದೇ ವಾಕ್ಯವನ್ನು ಮೂರು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ವಾಕ್ಯದ ಕೊನೆಯಲ್ಲಿ ದನಿ ಇಳಿಸುವುದಿಲ್ಲ. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ಇರುವುದೇ ಕೊನೆಯಲ್ಲಿ. ‘ಬರ್ತೀನಿ’ಗೂ ‘ಬರಲ್ಲ’ಕ್ಕೂ ವ್ಯತ್ಯಾಸ ಗಾಳಿಯಲ್ಲಿ ಕರಗಿಹೋದರೆ ಅವರು ಇಡೀ ದಿನ ಕಾಯುತ್ತಾ ಕೂತಿರುತ್ತಾರೆ.

ಮೊನ್ನೆ ಹೀಗೇ ಎದುರಿಗೆ ಕೂತು, “ಅಪ್ಪಾ, ಕಣ್ಣಿನ ಡಾಕ್ಟರ ವಿಷಯ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾವು…” ಎಂದು ಶುರು ಮಾಡಿದೆ. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ. “ಒಂಬತ್ತೂವರೆಗೇ ಹೊರಡೋಣ” ಅಂದರು.